ಮಾನ್ಯ ಸಚಿವರೇ, ಒಮ್ಮೆ ಚೌಕಿಯ ಕಡೆಯಿಂದ ಬನ್ನಿ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ಉಡುಪಿಯ ಒಬ್ಬ ಹವ್ಯಾಸಿ ರಂಗನಟಿಯ ನಮಸ್ಕಾರಗಳು.

ನಾನು ಹಗಲು ಹೊಲಿಗೆ ಮೆಷಿನ್ನಿನ ಮುಂದೆ ಕೂರುವವಳು, ಸಂಜೆ ತಾಲೀಮಿಗೆ ಓಡುವವಳು. ಹದಿನಾರು ವರ್ಷಗಳಿಂದ ನಾಟಕ ಮಾಡುತ್ತಿದ್ದೇನೆ. ಕನ್ನಡ ನಾಟಕಗಳೇ ಹೆಚ್ಚು, ನಡುನಡುವೆ ತುಳು. ಉಡುಪಿ, ಕುಂದಾಪುರ, ಕಾರ್ಕಳ, ಮಂಗಳೂರು ಕಡೆಯ ಎಷ್ಟೋ ಸಭಾಂಗಣಗಳಲ್ಲಿ ತಾವು ದೀಪ ಬೆಳಗಿಸಿರಬಹುದು. ಅದೇ ಸಭಾಂಗಣಗಳ ಹಿಂಬದಿಯಲ್ಲಿ ನಾವು ಬಣ್ಣ ಹಚ್ಚಿಕೊಂಡಿದ್ದೇವೆ. ಆ ಹಿಂಬದಿಯ ಬಣ್ಣದ ಕೋಣೆಯ, ಯಕ್ಷಗಾನದವರು ಚೌಕಿ ಎನ್ನುವ ಜಾಗದ ಬಗ್ಗೆಯೇ ತಮಗೆ ಬರೆಯಬೇಕು ಅನ್ನಿಸಿತು.

ಹಿಂದಿನ ವರ್ಷ ಒಂದು ನಾಟಕ ಸ್ಪರ್ಧೆಯ ರಾತ್ರಿ. ನಮ್ಮ ತಂಡದಲ್ಲಿ ಐದು ಮಂದಿ ಹೆಂಗಸರು. ನಮಗೆ ಕೊಟ್ಟ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಚಿಲಕ ಇದ್ದ ಜಾಗದಲ್ಲಿ ನಾಲ್ಕು ತೂತು ಮಾತ್ರ. ಇಬ್ಬರು ಬೆಡ್‌ಶೀಟ್ ಹಿಡಿದು ನಿಂತರು, ಮೂವರು ಸೀರೆ ಉಟ್ಟೆವು, ಆಮೇಲೆ ಬೆಡ್‌ಶೀಟ್ ನಮ್ಮ ಕೈಗೆ ಬಂತು. ಶೌಚಾಲಯ ಇದ್ದದ್ದು ಪ್ರೇಕ್ಷಕರ ಕಡೆ. ಬಣ್ಣ ಹಚ್ಚಿ, ವೇಷ ಕಟ್ಟಿ, ಜನರ ನಡುವೆ ಹಾದು ಅಲ್ಲಿಗೆ ಹೋಗಲಿಕ್ಕೆ ಆಗುತ್ತದೆಯೇ? ಹಾಗಾಗಿ ಮಧ್ಯಾಹ್ನ ಮೂರು ಗಂಟೆ ಕಳೆದ ಮೇಲೆ ಯಾರೂ ನೀರು ಮುಟ್ಟಿರಲಿಲ್ಲ. ಅದೊಂದು ದಿನದ ಕತೆಯೂ ಅಲ್ಲ. ನಾಟಕದ ದಿನ ನೀರು ಕುಡಿಯಬಾರದು ಅಂತ ನಮ್ಮ ಹಿರಿಯ ನಟಿಯರು ಹೊಸಬರಿಗೆ ಹೇಳಿಕೊಡುತ್ತಾರೆ, ಮಾತನ್ನು ಹೇಗೆ ಎತ್ತಿ ಹೇಳಬೇಕು ಎಂದು ಹೇಳಿಕೊಟ್ಟ ಹಾಗೆಯೇ.

ನನ್ನ ಮಗಳಿಗೆ ಆಗ ಆರು ವರ್ಷ. ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ, ಕರೆದುಕೊಂಡು ಹೋಗಿದ್ದೆ. ಡ್ರೆಸ್ಸಿನ ಟ್ರಂಕಿನ ಮೇಲೆ ಹಳೆಯ ಕಪ್ಪು ಪರದೆಯೊಂದನ್ನು ಮಡಚಿ ಹಾಸಿದೆ, ಅದರ ಮೇಲೆ ಮಲಗಿದಳು. ಎರಡನೆಯ ಅಂಕದಲ್ಲಿ ನಾನು ಸೈಡ್‌ವಿಂಗಿನಲ್ಲಿ ನಿಂತು ಸೆರಗು ಸರಿ ಮಾಡಿಕೊಳ್ಳುತ್ತಿದ್ದಾಗ ಅವಳ ಕೈ ನನ್ನ ಸೀರೆ ಎಳೆಯಿತು. ಯಾವಾಗ ಎದ್ದಳೋ ಗೊತ್ತಿಲ್ಲ. ಕಣ್ಣು ಇನ್ನೂ ಅರ್ಧ ಮುಚ್ಚಿತ್ತು. "ಅಮ್ಮ, ನಿನ್ನ ಮಾತು ಬಂತು" ಅಂದಳು. ನಿಜವಾಗಿಯೂ ಬಂದಿತ್ತು. ರಂಗದ ಮೇಲಿದ್ದವರು ನನಗೆ ಕೊಡಬೇಕಾದ ಸಾಲನ್ನು ಹೇಳಿ ಆಗಿತ್ತು. ನಾನು ಒಳಗೆ ಹೋದೆ.

ತಾಲೀಮಿಗೆ ನನ್ನ ಜೊತೆ ಬಂದೂ ಬಂದೂ ಅವಳಿಗೆ ಇಡೀ ನಾಟಕ ಬಾಯಿಪಾಠವಾಗಿದೆ. ಯಾರೂ ಕಲಿಸಿದ್ದಲ್ಲ. ಅವತ್ತು ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ರಂಗನಟಿ ಬಿ. ಜಯಶ್ರೀ ಅವರ ನೆನಪಾಯಿತು.

ಜಯಶ್ರೀ ಅವರ ಬಗ್ಗೆ ತಮಗೆ ಹೇಳಬೇಕಾಗಿಲ್ಲ. ಆದರೂ ನನಗೆ ಅವರು ಯಾಕೆ ನೆನಪಾದರು ಎಂದು ಹೇಳಬೇಕಾದರೆ ಅವರ ಮನೆಯಿಂದಲೇ ಶುರು ಮಾಡಬೇಕು. ಅವರು ಹುಟ್ಟಿದ್ದು 1950ರಲ್ಲಿ. ಗುಬ್ಬಿ ನಾಟಕ ಕಂಪನಿ ನಡೆಸಿದ ಗುಬ್ಬಿ ವೀರಣ್ಣನವರ ಮೊಮ್ಮಗಳು. ತಾಯಿ ಮಾಲತಮ್ಮ ಕಂಪನಿಯ ನಟಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲವೊಂದಿತ್ತು. ಹೆಣ್ಣಿನ ಪಾತ್ರಕ್ಕೆ ಹೆಂಗಸರೇ ಬರಲಿ ಎಂದು ಧೈರ್ಯ ಮಾಡಿದವರಲ್ಲಿ ವೀರಣ್ಣನವರು ಮುಂಚೂಣಿಯವರು. ಬಿ. ಜಯಮ್ಮನವರಂಥ ನಟಿ ಬೆಳೆದದ್ದು ಆ ಕಂಪನಿಯಲ್ಲೇ. ಜಯಶ್ರೀ ನಾಲ್ಕೈದು ವರ್ಷದ ಮಗುವಿದ್ದಾಗಲೇ ರಂಗ ಹತ್ತಿದರು.

ಕಂಪನಿ ಅಂದರೆ ಬರೀ ನಾಟಕದ ತಂಡವಲ್ಲ, ನಡೆದಾಡುವ ಊರು. ಅಡುಗೆಯವರು, ಪರದೆ ಬರೆಯುವವರು, ಹಾರ್ಮೋನಿಯಂ ಮೇಷ್ಟ್ರು, ಬಡಗಿಗಳು, ಹಾಲು ಕುಡಿಯುವ ಮಕ್ಕಳು, ಎಲ್ಲರೂ ಒಂದೇ ಬಿಡಾರದಲ್ಲಿ. 1934ರಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿಗೆ ಮಕ್ಕಳನ್ನು ಸಾಕುವುದು ದೊಡ್ಡ ಮಾತೂ ಆಗಿರಲಿಕ್ಕಿಲ್ಲ. ಪೌರಾಣಿಕ ನಾಟಕಗಳಿಗೆ ಮಕ್ಕಳು ಬೇಕೇ ಬೇಕಿತ್ತು. ಲೋಹಿತಾಶ್ವ ಯಾರು, ಪ್ರಹ್ಲಾದ ಯಾರು, ಬಾಲಕೃಷ್ಣ ಯಾರು? ಬಿಡಾರದಲ್ಲಿ ಆಡಿಕೊಂಡಿದ್ದ ಮಕ್ಕಳೇ. ತಾಯಿ ರಂಗದ ಮೇಲೆ ಅಳುತ್ತಿದ್ದರೆ ಮಗು ಪಕ್ಕದಲ್ಲಿ ನಿಂತು ಆ ಅಳುವಿನ ಶ್ರುತಿ ಕೇಳುತ್ತದೆ. ತಾಳ ಎಲ್ಲಿ ಬೀಳುತ್ತದೆ, ಜನ ಎಲ್ಲಿ ನಗುತ್ತಾರೆ, ಎಲ್ಲಿ ಕೆಮ್ಮುತ್ತಾರೆ, ಎಷ್ಟು ಹೊತ್ತು ಕಾದು ಮುಂದಿನ ಮಾತು ಹೇಳಬೇಕು, ಇವೆಲ್ಲ ಅದರ ಕಿವಿಗೆ ಹೋಗುತ್ತವೆ.

ಜಯಶ್ರೀ ಅವರ ಧ್ವನಿ ಕೇಳಿದವರಿಗೆ ನಾನು ಏನು ಹೇಳುತ್ತಿದ್ದೇನೆಂದು ಗೊತ್ತಾಗುತ್ತದೆ. 1997ರ 'ನಾಗಮಂಡಲ' ಸಿನಿಮಾದ ಕುರುಡವ್ವನನ್ನು ನೆನಪಿಸಿಕೊಳ್ಳಿ. ಕಣ್ಣು ಕಾಣದ ಆ ಮುದುಕಿ ಧ್ವನಿಯಿಂದಲೇ ದಾರಿ ಹುಡುಕುತ್ತಾಳೆ, ಆ ಧ್ವನಿಯ ಹಿಂದೆ ನಾವೂ ಹೋಗುತ್ತೇವೆ. ನಾನು ಟಿವಿಯಲ್ಲಿ ಆ ಸಿನಿಮಾ ನೋಡಿದ್ದು ಹೊಲಿಗೆ ಕಲಿಯಲು ಹೋಗುತ್ತಿದ್ದ ಮನೆಯಲ್ಲಿ. ಕೈಯಲ್ಲಿದ್ದ ರವಿಕೆಗೆ ಹೆಮ್ಮಿಂಗ್ ಮಾಡುವುದು ನಿಂತೇ ಹೋಯಿತು. ನಾಟಕ ಮಾಡಬೇಕೆಂಬ ಆಸೆ ಹುಟ್ಟಿದ್ದು ಅವತ್ತು ಎಂದರೆ ಹೆಚ್ಚಾಗಲಿಕ್ಕಿಲ್ಲ.

ಆದರೆ ಮನೆಯ ಕಲಿಕೆಯೊಂದರಿಂದಲೇ ಅವರು ಅಷ್ಟು ದೊಡ್ಡ ಕಲಾವಿದೆ ಆದರು ಎಂದು ನಾನು ಹೇಳುವುದಿಲ್ಲ. ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಇಬ್ರಾಹಿಂ ಅಲ್ಕಾಜಿಯವರು ಅದನ್ನು ನಡೆಸುತ್ತಿದ್ದ ಕಾಲ. 1973ರಲ್ಲಿ ಓದು ಮುಗಿಸಿ ಹೊರಬಂದರು. ಅದು ಸರ್ಕಾರ ಕಟ್ಟಿದ ಶಾಲೆ. 1976ರಲ್ಲಿ 'ಸ್ಪಂದನ' ತಂಡ ಕಟ್ಟಿದರು. 'ಲಕ್ಷಾಪತಿ ರಾಜನ ಕಥೆ', 'ಕರಿಮಾಯಿ' ಮಾಡಿದರು. ಕಂಪನಿಯ ಹಾಡು, ಜನಪದದ ಮಟ್ಟು, ದೆಹಲಿಯಲ್ಲಿ ಕಲಿತ ಶಿಸ್ತು, ಮೂರೂ ಒಂದೇ ರಂಗದ ಮೇಲೆ ಬಂದವು. ಬೇರೆ ನಟಿಯರಿಗೆ ಸಿನಿಮಾದಲ್ಲಿ ಧ್ವನಿ ಕೊಟ್ಟರು, ಹಾಡಿದರು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 2013ರಲ್ಲಿ ಪದ್ಮಶ್ರೀ. 2010ರಲ್ಲಿ ರಾಷ್ಟ್ರಪತಿಗಳು ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ಕಂಪನಿಯ ಬಿಡಾರದಿಂದ ಸಂಸತ್ತಿನವರೆಗೆ ಬಂದ ದಾರಿ ಅದು. ಅವರ ಮಗಳೂ ಈಗ ರಂಗಭೂಮಿಯವರೇ.

ಈಗ ನಮ್ಮ ಕರಾವಳಿಗೆ ಬರುತ್ತೇನೆ.

ನಾನೂ ಕಲಾವಿದರ ಮನೆಯ ಹುಡುಗಿಯೇ. ಅಪ್ಪ ಯಕ್ಷಗಾನದ ಬಡಗುತಿಟ್ಟು ಶೈಲಿಯ ವೇಷಧಾರಿ. ದೀಪಾವಳಿ ಕಳೆದು ಮೇಳ ಹೊರಟರೆ ಮೇ ತಿಂಗಳ ಕೊನೆಯ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚಿ ಮನೆಗೆ ಬರುತ್ತಿದ್ದವರು. ಆಟ ಹತ್ತಿರದ ಊರಿನಲ್ಲಿದ್ದರೆ ಅಮ್ಮ ನನ್ನನ್ನೂ ಅಣ್ಣನನ್ನೂ ಕರೆದುಕೊಂಡು ಹೋಗುತ್ತಿದ್ದರು. ನನಗೆ ರಂಗಸ್ಥಳಕ್ಕಿಂತ ಚೌಕಿ ಇಷ್ಟ. ಎರಡು ಸಾಲು ಪೆಟ್ಟಿಗೆ, ಒಬ್ಬೊಬ್ಬರಿಗೆ ಒಂದೊಂದು ಜಾಗ, ಯಾರು ಎಲ್ಲಿ ಕೂರಬೇಕೆಂಬುದಕ್ಕೆ ಕಟ್ಟುನಿಟ್ಟಿನ ಕ್ರಮ. ಗಣಪತಿಯ ಎದುರು ದೀಪ. ಅಪ್ಪ ಕಾಲು ಮಡಚಿ ಕೂತು ಎಡಗೈಯಲ್ಲಿ ಕನ್ನಡಿ ಹಿಡಿದು ಹುಬ್ಬಿಗೆ ಕಪ್ಪು ಎಳೆಯುವಾಗ ಉಸಿರು ಹಿಡಿದುಕೊಳ್ಳುತ್ತಿದ್ದರು. ಅವರ ಜೊತೆ ನಾನೂ ಹಿಡಿದುಕೊಳ್ಳುತ್ತಿದ್ದೆ. ಅಣ್ಣ ಅಲ್ಲೇ ಇದ್ದು ಇದ್ದು ಕೋಡಂಗಿ ಕುಣಿದ, ಆಮೇಲೆ ಬಾಲಗೋಪಾಲ ಕಟ್ಟಿದ. ಯಕ್ಷಗಾನದ ಪೂರ್ವರಂಗ ಅಂದರೆ ಹುಡುಗರ ಶಾಲೆ. ದೊಡ್ಡ ಪ್ರಸಂಗ ಶುರುವಾಗುವ ಮೊದಲು, ಜನ ಇನ್ನೂ ಚಾಪೆ ಬಿಡಿಸುತ್ತಿರುವಾಗ, ತಪ್ಪಿದರೂ ಯಾರೂ ಬೈಯದ ಹೊತ್ತಿನಲ್ಲಿ ಹುಡುಗರು ಹೆಜ್ಜೆ ಕಲಿಯುವ ಜಾಗ.

ನನಗೆ ಹತ್ತು ವರ್ಷವಾದಾಗ ಅಪ್ಪ "ಇನ್ನು ಚೌಕಿಗೆ ಬರಬೇಡ ಮಗಾ" ಅಂದರು. ಬೈದು ಹೇಳಿದ್ದಲ್ಲ, ತಲೆ ಸವರಿ ಹೇಳಿದ್ದು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಲವತ್ತು ಗಂಡಸರು ವೇಷ ಕಟ್ಟುವ ಸೋಗೆಯ ಚಪ್ಪರದಲ್ಲಿ ಬೆಳೆಯುವ ಹುಡುಗಿಯನ್ನು ಎಲ್ಲಿ ಕೂರಿಸಬೇಕೆಂದು ಅವರಿಗೆ ತೋಚಲಿಲ್ಲ. ಒಂದೇ ಮನೆ, ಒಂದೇ ಅಪ್ಪ. ಅಣ್ಣನಿಗೆ ಚೌಕಿ ಸಿಕ್ಕಿತು, ನನಗೆ ಸಿಗಲಿಲ್ಲ.

ಆ ಕಾಲದಲ್ಲಿಯೂ ಒಬ್ಬರು ಗಟ್ಟಿಗಿತ್ತಿ ಇದ್ದರು, ಲೀಲಾವತಿ ಬೈಪಾಡಿತ್ತಾಯರು. ಯಕ್ಷಗಾನದ ಇನ್ನೊಂದು ಶೈಲಿಯಾದ ತೆಂಕುತಿಟ್ಟಿನ ವೃತ್ತಿಮೇಳದಲ್ಲಿ ಗಂಡಸರ ಸಮಸಮಕ್ಕೆ ಕೂತು ಇಡೀ ರಾತ್ರಿ ಪದ ಹೇಳಿದ ಮೊದಲ ಮಹಿಳಾ ಭಾಗವತರು ಅವರು. ಗಂಡ ಹರಿನಾರಾಯಣ ಬೈಪಾಡಿತ್ತಾಯರು ಚೆಂಡೆ ಮದ್ದಳೆಯವರು. ಗಂಡ ಹಿಮ್ಮೇಳದಲ್ಲಿ ಪಕ್ಕದಲ್ಲೇ ಇದ್ದುದರಿಂದ ಅವರಿಗೆ ಆ ದಾರಿ ಸ್ವಲ್ಪವಾದರೂ ಸಲೀಸಾಗಿರಬೇಕು ಎಂದು ನನಗೆ ಅನ್ನಿಸುತ್ತದೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಅಮ್ಮ ಬೆಳಗ್ಗಿನ ಕೆಲಸ ಬಿಟ್ಟು ತುಂಬಾ ಹೊತ್ತು ಜಗಲಿಯಲ್ಲಿ ಕೂತಿದ್ದರು.

ಜಯಶ್ರೀ ಅವರಿಗೆ ತಾಯಿಯ ಚೌಕಿ ಇತ್ತು. ಲೀಲಾವತಿಯವರಿಗೆ ಗಂಡನ ಚೌಕಿ ಇತ್ತು. ಕಲಾವಿದರ ಕುಟುಂಬ ಅಂತ ನಾವು ದೊಡ್ಡ ಶಬ್ದದಲ್ಲಿ ಹೇಳುತ್ತೇವೆ, ರಕ್ತದಲ್ಲೇ ಬಂದದ್ದು ಅನ್ನುತ್ತೇವೆ. ರಕ್ತದ ವಿಷಯ ನನಗೆ ತಿಳಿಯದು. ನಾನು ಕಣ್ಣಾರೆ ಕಂಡದ್ದು ಇಷ್ಟು: ಒಬ್ಬ ಹೆಣ್ಣುಮಗಳು ನಿರ್ಭಯವಾಗಿ ಬಟ್ಟೆ ಬದಲಿಸಲು, ಮಗುವನ್ನು ಮಲಗಿಸಲು, ನಾಚಿಕೆಯಿಲ್ಲದೆ ನೀರು ಕುಡಿಯಲು ಒಂದು ಜಾಗವಿದ್ದರೆ ಅವಳು ರಂಗದಲ್ಲಿ ಉಳಿಯುತ್ತಾಳೆ, ಅವಳ ಮಗು ಅಲ್ಲೇ ಕಲಿಯುತ್ತದೆ. ಆ ಜಾಗವನ್ನು ಒಂದು ಕಾಲದಲ್ಲಿ ಕಂಪನಿಗಳು ಕೊಟ್ಟವು. ಕಂಪನಿಗಳು ಹೋದವು. ನನ್ನಂಥವರ ಹಿಂದೆ ಗುಬ್ಬಿ ವೀರಣ್ಣನವರ ಹಾಗೆ ಯಾವ ಅಜ್ಜನೂ ಇಲ್ಲ. ನಮಗೆ ಇರುವುದು ಸರ್ಕಾರದ ಸಭಾಂಗಣ.

ಸ್ಪರ್ಧೆಯ ಆ ರಾತ್ರಿ ನಮ್ಮ ತಂಡದಲ್ಲಿ ಇನ್ನೊಬ್ಬಳಿದ್ದಳು ಎಂದು ತಮಗೆ ಹೇಳಲೇಬೇಕು. ವಯಸ್ಸು ಇಪ್ಪತ್ತಾರು, ಐದು ತಿಂಗಳ ಕೂಸಿನ ತಾಯಿ. ಅಂಥ ಕಂಠ ನಾನು ನಮ್ಮ ಕಡೆ ಕೇಳಿಲ್ಲ. ಮೈಕ್ ಇಲ್ಲದೆ ಕೊನೆಯ ಸಾಲಿಗೆ ಮುಟ್ಟುತ್ತದೆ, ಹಾಗೆಂದು ಬೊಬ್ಬೆಯಲ್ಲ. ಅವಳ ಅತ್ತೆ ಕೂಸನ್ನು ಎತ್ತಿಕೊಂಡು ಸಭಾಂಗಣದ ಹೊರಗೆ ಆಟೋದಲ್ಲಿ ಎರಡೂವರೆ ಗಂಟೆ ಕೂತಿದ್ದರು. ಒಳಗೆ ಕೂರಿಸೋಣ ಎಂದರೆ ಜಾಗವಿಲ್ಲ, ಸೆಕೆಗೆ ಮಗು ಅಳುತ್ತದೆ, ಅತ್ತರೆ ನಾಟಕಕ್ಕೆ ತೊಂದರೆ. ವಿರಾಮದಲ್ಲಿ ಅವಳು ಕಿರೀಟ ತೆಗೆದು ನನ್ನ ಕೈಗೆ ಕೊಟ್ಟು, ರಾಣಿಯ ಉಡುಪಿನಲ್ಲೇ ಆಟೋಕ್ಕೆ ಓಡಿ, ಸೀಟಿನಲ್ಲಿ ಕೂತು ಹಾಲು ಕೊಟ್ಟಳು. ಆಟೋದ ಬಾಗಿಲಿಗೆ ನಾನು ನನ್ನ ಶಾಲು ಹಿಡಿದು ನಿಂತಿದ್ದೆ. ಒಳಗಿನಿಂದ ಮೂರನೆಯ ಬೆಲ್ ಕೇಳಿತು. ಮಗು ಬಿಡಲಿಲ್ಲ. ಅವಳು ಅದರ ಬಾಯಿ ಬಿಡಿಸಿಕೊಂಡು ಬಂದಳು. ಆ ಮಗುವಿನ ಅಳು ಪಾರ್ಕಿಂಗಿನಿಂದ ರಂಗದವರೆಗೆ ನಮ್ಮ ಹಿಂದೆಯೇ ಬಂತು. ಆಮೇಲಿನ ದೃಶ್ಯದಲ್ಲಿ ಅವಳು ಅತ್ತದ್ದಕ್ಕೆ ತೀರ್ಪುಗಾರರು ಬಹಳ ಮೆಚ್ಚುಗೆ ಹೇಳಿದರು.

ಮುಂದಿನ ನಾಟಕಕ್ಕೆ ಕರೆದಾಗ ಅವಳು ಬರಲಿಲ್ಲ. "ಅಕ್ಕಾ, ಸದ್ಯಕ್ಕೆ ಬೇಡ" ಅಂದಳು. ಸದ್ಯಕ್ಕೆ ಎಂದು ಹೇಳಿ ಹೋದವರು ನಮ್ಮಲ್ಲಿ ತಿರುಗಿ ಬಂದದ್ದು ಕಡಿಮೆ.

ಸಚಿವರೇ, ಐವತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನೆಯ ಕೋಣೆ ಇರಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ನಾಟಕದ ತಂಡದಲ್ಲಿ ಐವತ್ತು ಜನ ಎಲ್ಲಿರುತ್ತಾರೆ? ಇದ್ದರೂ ನಮಗೆ ಅದು ಉದ್ಯೋಗವಲ್ಲ, ಹವ್ಯಾಸ. ಕಾನೂನು ನಮ್ಮನ್ನು ಮುಟ್ಟುವುದಿಲ್ಲ. ಆದರೆ ತಮ್ಮದೇ ರಾಜ್ಯ ಸರ್ಕಾರ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯಿತು. 4,000 ಪಂಚಾಯಿತಿಗಳಲ್ಲಿ ಮಾಡುತ್ತೇವೆ ಎಂದು 2023ರಲ್ಲಿ ಘೋಷಿಸಿದಾಗ ನನಗೆ ಖುಷಿಯಾಗಿತ್ತು. ಮಣ್ಣು ಹೊರುವ ತಾಯಿಯ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಸರ್ಕಾರ ಕೇಳಿಕೊಂಡಿತಲ್ಲ ಎಂದು. ಅದೇ ಪ್ರಶ್ನೆಯನ್ನು ತಮ್ಮ ಇಲಾಖೆಯೂ ಕೇಳಿಕೊಳ್ಳಲಿ ಎಂಬುದು ನನ್ನ ಬೇಡಿಕೆ.

ದೊಡ್ಡ ಖರ್ಚಿನದಲ್ಲ. ಇನ್ನು ಮುಂದೆ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಇಲಾಖೆಯ ಹಣದಲ್ಲಿ ಯಾವ ರಂಗಮಂದಿರ ಎದ್ದರೂ, ಯಾವುದು ದುರಸ್ತಿಯಾದರೂ, ನಕ್ಷೆಯಲ್ಲಿ ಚೌಕಿಯನ್ನು ಮೊದಲು ಬರೆಯಿಸಿ. ಹೆಂಗಸರಿಗೆ ಬೇರೆ ಕೋಣೆ, ಒಳಗಿನಿಂದ ಚಿಲಕ, ಅದಕ್ಕೆ ತಾಗಿಕೊಂಡೇ ನೀರಿರುವ ಶೌಚಾಲಯ, ಅಲ್ಲಿಂದ ನೇರ ರಂಗಕ್ಕೆ ದಾರಿ. ಪಕ್ಕದಲ್ಲಿ ಮಕ್ಕಳಿಗೆ ಒಂದು ಸಣ್ಣ ಕೋಣೆ. ಫ್ಯಾನ್, ಚಾಪೆ, ತೊಟ್ಟಿಲು ಕಟ್ಟಲು ಮಾಡಿನಲ್ಲಿ ಒಂದು ಗಟ್ಟಿ ಕೊಕ್ಕೆ. ರಂಗದ ಧ್ವನಿ ಅಲ್ಲಿಗೆ ಕೇಳುವ ಹಾಗೆ ಒಂದು ಸ್ಪೀಕರ್ ಇದ್ದರೆ ಇನ್ನೂ ಒಳ್ಳೆಯದು. ಸ್ಪರ್ಧೆ, ಉತ್ಸವಗಳಿಗೆ ಇಲಾಖೆ ಅನುದಾನ ಕೊಡುವಾಗ ಆ ಕೋಣೆಗೆ ಒಬ್ಬರು ಆಯಾ ಇರಬೇಕೆಂಬ ಒಂದು ಸಾಲು ಸೇರಿಸಿ, ಅವರ ಸಂಬಳವನ್ನೂ ಅನುದಾನದಲ್ಲೇ ಸೇರಿಸಿ. ನಕ್ಷೆಗೆ ಸಹಿ ಬೀಳುವ ಮೊದಲು ಅದನ್ನು ಒಬ್ಬ ನಟಿಗೆ ತೋರಿಸಿ. ಯಾರಿಗಾದರೂ ಸರಿ, ವೇಷ ಕಟ್ಟಿ ಗೊತ್ತಿರುವ ಒಬ್ಬಳಿಗೆ. ಎಂಜಿನಿಯರು ಒಳ್ಳೆಯವರೇ ಇರುತ್ತಾರೆ, ಆದರೆ ಒಂಬತ್ತು ಗಜದ ಸೀರೆ ಉಟ್ಟು ಕತ್ತಲಲ್ಲಿ ಮೂರು ಮೆಟ್ಟಿಲು ಹತ್ತುವುದು ಹೇಗೆ ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ಮಾತು ಕಾರ್ಕಳದ ಯಕ್ಷರಂಗಾಯಣ ಎಂಬ ಸರ್ಕಾರಿ ರಂಗಸಂಸ್ಥೆಯ ಬಗ್ಗೆ. ಕೋಟಿ ಚೆನ್ನಯ ಥೀಮ್ ಪಾರ್ಕಿನಲ್ಲಿ ಅದು ಶುರುವಾದಾಗ ನಮಗೆಲ್ಲ ಸಂತೋಷವಾಗಿತ್ತು. ಅಲ್ಲಿ ಹುಡುಗಿಯರಿಗೆ, ಅದರಲ್ಲೂ ಕಲಾವಿದರ ಮನೆಯವರಲ್ಲದ ಹುಡುಗಿಯರಿಗೆ, ಉಳಿದುಕೊಂಡು ಕಲಿಯುವ ವ್ಯವಸ್ಥೆ ಗಟ್ಟಿಯಾಗಲಿ. ನಮ್ಮ ಕರಾವಳಿಗೆ ಈ ಹಕ್ಕು ಇದೆ ಎಂದು ನಾನು ಯಾಕೆ ಹೇಳುತ್ತೇನೆಂದರೆ, ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಒಬ್ಬ ಹುಡುಗ ಮನೆ ಬಿಟ್ಟು ಓಡಿ ಹೋಗಿ ಸೇರಿದ್ದು ಅದೇ ಗುಬ್ಬಿ ಕಂಪನಿಯನ್ನು. ಅವನಿಗೆ ಅಲ್ಲಿ ಊಟ, ಪಾಠ, ಪಾತ್ರ ಎಲ್ಲ ಸಿಕ್ಕಿತು. ವೀರಣ್ಣನವರೇ ಅವನನ್ನು ಓದಲು ಕಾಶಿಗೆ ಕಳಿಸಿದರು. ಆ ಹುಡುಗ ಬಿ. ವಿ. ಕಾರಂತರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ವೀರಣ್ಣನವರ ಮೊಮ್ಮಗಳು ಜಯಶ್ರೀ ಮುಂದೊಂದು ದಿನ ಅದೇ ರಂಗಾಯಣದ ನಿರ್ದೇಶಕಿಯಾದರು. ಗುಬ್ಬಿ ಕಂಪನಿ ನಮ್ಮ ಕಡೆಯ ಹುಡುಗನಿಗೆ ಕೊಟ್ಟದ್ದನ್ನು ಕಾರಂತರು ರಂಗಾಯಣವಾಗಿ ನಾಡಿಗೇ ಹಿಂತಿರುಗಿಸಿದರು. ಆದರೆ ಅದೇ ವರ್ಷಗಳಲ್ಲಿ ಮಂಚಿಯಿಂದ ಒಬ್ಬ ಹುಡುಗಿ ಹಾಗೆ ಓಡಿ ಹೋಗಲು ಸಾಧ್ಯವಿತ್ತೇ? ಇವತ್ತು ಓಡಿ ಹೋಗುವ ಅಗತ್ಯವೇ ಬೀಳದ ಹಾಗೆ, ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವಷ್ಟು ದೂರದಲ್ಲಿ ಅವಳಿಗೆ ಒಂದು ಜಾಗ ಮಾಡಿಕೊಡುವುದು ತಮ್ಮ ಕೈಯಲ್ಲಿದೆ.

ಈ ಪತ್ರ ಬರೆಯುವಾಗ ಮಗಳು ಪಕ್ಕದಲ್ಲಿ ಕೂತು ನಾನು ಕತ್ತರಿಸಿ ಉಳಿದ ಬಟ್ಟೆಯ ಚೂರುಗಳಿಂದ ಗೊಂಬೆಗೆ ಸೀರೆ ಉಡಿಸುತ್ತಿದ್ದಾಳೆ. ಗೊಂಬೆಯ ಬಾಯಲ್ಲಿ ನನ್ನ ಪಾತ್ರದ ಮಾತು ಹೇಳಿಸುತ್ತಿದ್ದಾಳೆ. ನಾನು ಎಲ್ಲಿ ತಡವರಿಸುತ್ತೇನೋ ಅಲ್ಲಿ ಅವಳು ತಡವರಿಸುವುದಿಲ್ಲ.

ಮಳೆಗಾಲ ಮುಗಿದ ಮೇಲೆ ನಮ್ಮ ಹೊಸ ನಾಟಕದ ಮೊದಲ ಪ್ರದರ್ಶನ ಇದೆ. ತಾವು ಬರಬೇಕು. ಮೊದಲ ಸಾಲಿನಲ್ಲಿ ತಮಗೆ ಕುರ್ಚಿ ಇಟ್ಟಿರುತ್ತೇವೆ. ಆದರೆ ಅರ್ಧ ಗಂಟೆ ಮೊದಲೇ ಬನ್ನಿ, ಕಾರನ್ನು ಮುಂದೆ ನಿಲ್ಲಿಸಿ, ಕಟ್ಟಡದ ಎಡಗಡೆಯಿಂದ ಸುತ್ತಿ ಹಿಂದಕ್ಕೆ ನಡೆದುಕೊಂಡು ಬನ್ನಿ. ಅಲ್ಲಿ ಒಂದು ನೀಲಿ ಬಣ್ಣದ ಬಾಗಿಲು ಇದೆ. ತಟ್ಟಿ, ಸ್ವಲ್ಪ ಹೊತ್ತು ಕಾಯಿರಿ. ಚಿಲಕ ಇಲ್ಲದ ಕಾರಣ ಒಳಗಿನಿಂದ ನಮ್ಮಲ್ಲಿ ಒಬ್ಬರು ಬೆನ್ನು ಕೊಟ್ಟು ನಿಂತಿರುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ರಂಗನಟಿ
ಉಡುಪಿ